ಚುಕ್ಕಾಣಿಯ ಪದಬಂಧ

ಕಪ್ಪು ಚೌಕಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನಡುವೆ ಹಡಗೊಂದು ಕಾಣಿಸುವ ಹಾಗೆ ಮಾಡಿದ ಪದಬಂಧವದು. ಭಾನುವಾರದ ಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿತ್ತು. ಒಳಗಿನ ಮಾತುಗಳೆಲ್ಲ ಕಡಲಿನವೇ: ಲಂಗರು, ಹಾಯಿ, ಬಂದರು, ಉಬ್ಬರ. ಕೆಳಗೆ ಸಣ್ಣ ಅಕ್ಷರದಲ್ಲಿ ‘ರಚನೆ: ಚುಕ್ಕಾಣಿ’ ಎಂದಿರುತ್ತಿತ್ತು. ಆ ಚುಕ್ಕಾಣಿ ನನ್ನ ಅಣ್ಣ ವಾಸುದೇವ. ಸರಕಿನ ಹಡಗಿನಲ್ಲಿ ಚುಕ್ಕಾಣಿ ಹಿಡಿಯುವ ಕೆಲಸದವನು ಬೇರೆ ಕಾವ್ಯನಾಮ ಹುಡುಕುವ ಗೋಜಿಗೆ ಹೋಗಿರಲಿಲ್ಲ.

ಹಡಗು ತಂಗುವ ಬಂದರುಗಳಿಂದ ಅವನು ಪದಬಂಧಗಳನ್ನು ಕಂತೆ ಕಟ್ಟಿ ನೇರ ಪತ್ರಿಕೆಗೆ ಅಂಚೆ ಹಾಕುತ್ತಿದ್ದ. ಮನೆಗೆ ಕಾಗದ ಬರೆಯುವುದೆಂದರೆ ಮಾತ್ರ ಬಲು ಸೋಮಾರಿ.

“ಹೆಂಡತಿಗೆ ಎರಡು ಸಾಲು ಗೀಚಲಿಕ್ಕೆ ಏನು ದಾಡಿ ನಿನಗೆ?” ಎಂದು ನಾನು ಬೈದರೆ, “ವಾರ ವಾರ ಪೇಪರಿನಲ್ಲಿ ಅಚ್ಚು ಹಾಕಿಸಿ ಕಳಿಸ್ತೇನಲ್ಲ ಮಾರಾಯ್ತಿ, ಯಾವ ಗಂಡ ಕಳಿಸ್ತಾನೆ?” ಎನ್ನುತ್ತಿದ್ದ.

ಕಮಲಾಕ್ಷಿ ಅತ್ತಿಗೆಗೂ ಅಷ್ಟೇ ಸಾಕಾಗಿತ್ತು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕಾಲು ಚಾಚಿ ಕೂತು, ಶಾಯಿ ಪೆನ್ನಿನಲ್ಲೇ ಚೌಕಗಳನ್ನು ತುಂಬುತ್ತಿದ್ದಳು. ತಪ್ಪುವ ಮಾತೇ ಇರಲಿಲ್ಲ. ಗಂಡನ ತಲೆ ಎತ್ತ ಓಡುತ್ತದೆಂಬುದು ಅವಳಿಗೆ ಅಂಗೈ ನೆಲ್ಲಿಕಾಯಿ.

ಆ ವರ್ಷ ಹಡಗು ಗುರಿ ಮುಟ್ಟಲಿಲ್ಲ. ನಡುಗಡಲಲ್ಲಿ ಬಿರುಗಾಳಿ ಎದ್ದಿತ್ತಂತೆ. ಕಂಪನಿಯವರು ಹುಡುಕಿದರು, ಆಮೇಲೆ ಹುಡುಕುವುದನ್ನು ಬಿಟ್ಟರು. ಊರವರು ಬಂದು ದನಿ ತಗ್ಗಿಸಿ ಮಾತಾಡಿ ಹೋದರು. ಆದರೆ ಭಾನುವಾರ ಪದಬಂಧ ಬಂತು. ಅದರ ಮುಂದಿನ ಭಾನುವಾರವೂ ಬಂತು. ಅತ್ತಿಗೆ ಆ ಕಪ್ಪು ಹಡಗನ್ನು ನನ್ನ ಕಣ್ಣ ಮುಂದೆ ಹಿಡಿದಳು.

“ನೋಡು, ಬರೀತಾ ಇದ್ದಾರೆ. ಎಲ್ಲೋ ದ್ವೀಪದಲ್ಲಿ ಸಿಕ್ಕಿಹಾಕಿಕೊಂಡಿರಬೇಕು. ಅಂಚೆ ಇದ್ದಲ್ಲಿ ಅನ್ನವೂ ಇರ್ತದೆ.”

ಹಳೆಯ ಕಂತೆಯೇ ಅಚ್ಚಾಗುತ್ತಿರಬಹುದೆಂದು ನನ್ನ ತಲೆ ಹೇಳುತ್ತಿತ್ತು. ಆದರೆ ತಿಂಗಳುಗಳು ಕಳೆದರೂ ಪದಬಂಧ ನಿಲ್ಲಲಿಲ್ಲ. “ಈಚೆಗೆ ತುಂಬ ಸುಲಭ ಮಾಡ್ತಾರೆ. ಬಳಲಿದ್ದಾರೆ ಅಂತ ಕಾಣ್ತದೆ,” ಎಂದು ಅತ್ತಿಗೆ ಚಿಂತೆ ಮಾಡತೊಡಗಿದಳು. ನಾನು ಅಳುವಂತಿರಲಿಲ್ಲ. ಅತ್ತರೆ ಅವಳ ನಂಬಿಕೆಗೆ ನಾನೇ ಕೊಳ್ಳಿ ಇಟ್ಟಂತೆ. ಒಡಹುಟ್ಟಿದವನಿಗಾಗಿ ಅಳುವುದಕ್ಕೂ ಅಪ್ಪಣೆ ಬೇಕಾದ ಆ ದಿನಗಳಲ್ಲಿ ಅತ್ತಿಗೆಯ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು.

ಕೊನೆಗೆ ಪತ್ರಿಕೆಯ ಕಚೇರಿಗೆ ಹೋದೆ. ಸಂಪಾದಕ ಅಚ್ಯುತರಾಯರು ಬಯಲುಸೀಮೆಯಿಂದ ಬಂದವರು, ದೋಣಿ ನೋಡಿದರೇ ತಲೆ ಸುತ್ತುವ ಜನ. ನಾನು ಕೇಳುವ ಮೊದಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವನು ಕಳಿಸಿದ್ದೆಲ್ಲ ಯಾವತ್ತೋ ಮುಗೀತಮ್ಮ. ಈಗ ಬರ್ತಿರೋದು ನಾನು ಮಾಡಿದ್ದು. ನಿಘಂಟು ಇಟ್ಕೊಂಡು ಒದ್ದಾಡ್ತೀನಿ.”

“ಯಾಕೆ ರಾಯರೇ?”

“ನಿಮ್ಮತ್ತಿಗೆ ಒಂದಿನ ಬಂದಿದ್ರು. ಪದಬಂಧ ತಪ್ಪದೆ ಹಾಕ್ತಿದ್ದೀರಿ, ದೇವರು ನಿಮಗೆ ಒಳ್ಳೇದು ಮಾಡ್ಲಿ ಅಂತ ಪೇರಳೆಹಣ್ಣು ಕೊಟ್ಟು ಹೋದ್ರು. ಅವನ ಕೊನೇದು ಆಗಷ್ಟೇ ಅಚ್ಚಿಗೆ ಹೋಗಿತ್ತು. ಹೇಗಮ್ಮ ನಿಲ್ಲಿಸೋದು?”

ಹೇಳಿಬಿಡಬೇಕೆಂದೇ ಮನೆಗೆ ಬಂದೆ. ಅತ್ತಿಗೆ ಅಣ್ಣನ ಅಂಗಿಗಳನ್ನು ಬಿಸಿಲಿಗೆ ಹರವುತ್ತಿದ್ದಳು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಕಡಲಿಗೆ ಹೋಗುವವರ ಮನೆಯಲ್ಲಿ ಆಡಬಾರದ ಮಾತೊಂದುಂಟು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಾರಲ್ಲ, ಹಾಗೆಯೇ. ನಮ್ಮಲ್ಲಿ ಯಾವುದೂ ಮುಳುಗುವುದಿಲ್ಲ. ಬಾವಿಗೆ ಬಿಟ್ಟ ಕೊಡಪಾನ ನೀರು ಕುಡಿಯುತ್ತದೆ, ಸಂಜೆಯ ಸೂರ್ಯ ಮನೆಗೆ ಹೋಗುತ್ತಾನೆ. ಅಷ್ಟು ವರ್ಷ ಕಡಲಿನ ಪದಗಳನ್ನೆಲ್ಲ ಜಾಲಾಡಿದರೂ ಅಣ್ಣ ಆ ಒಂದನ್ನು ಮುಟ್ಟಿರಲಿಲ್ಲ. ಬಯಲುಸೀಮೆಯ ರಾಯರಿಗೆ ಇದನ್ನೆಲ್ಲ ಯಾರು ಹೇಳಬೇಕು?

ಆ ಭಾನುವಾರ ಅತ್ತಿಗೆಯ ಪೆನ್ನು ನಡುವೆ ನಿಂತಿತು.

“ಮೇಲಿನಿಂದ ಕೆಳಕ್ಕೆ, ನಾಲ್ಕು ಅಕ್ಷರ,” ಎಂದು ಓದಿದಳು. “ತಳ ಒಡೆದ ದೋಣಿಯ ಗತಿ.”

ಅವಳು ಅದನ್ನು ಎರಡನೆಯ ಸಲ ಓದಲಿಲ್ಲ.

“ಇದು ಅವರದ್ದಲ್ಲ,” ಎಂದಳು. ಪತ್ರಿಕೆಯಿಂದ ತಲೆ ಎತ್ತಿ ಕೇಳಿದಳು, “ರಾಯರದ್ದಾ?”

“ಹೌದು.”

“ಯಾವಾಗಿನಿಂದ?”

“ಬಹಳ ದಿನ ಆಯ್ತು ಅತ್ತಿಗೆ.”

ಅವಳು ಪೆನ್ನನ್ನು ಮತ್ತೆ ಹಿಡಿದು, ಒಂದೊಂದೇ ಚೌಕದಲ್ಲಿ ದುಂಡಗೆ ಬರೆದಳು: ಮು, ಳು, ಗ, ಡೆ. ಕಪ್ಪು ಹಡಗಿನ ಅಡಿಗೇ ಆ ಪದ ಇಳಿಯಿತು. ಕೈ ಹಿಡಿದು ತಡೆಯಬೇಕೆನ್ನಿಸಿತು, ತಡೆಯಲಿಲ್ಲ.

“ಪಾಪ ರಾಯರು,” ಎಂದಳು. “ಕಡಲಿನ ಗಂಧ ಇಲ್ಲದವರು ಎಷ್ಟು ಕಷ್ಟಪಟ್ಟರೋ ಏನೋ.” ಆಮೇಲೆ ನನ್ನ ಕಡೆ ತಿರುಗಿದಳು. “ನೀನು ಅಳು ಮಾರಾಯ್ತಿ. ಇಷ್ಟು ದಿನ ನನಗೋಸ್ಕರ ತಡೆದುಕೊಂಡಿದ್ದಿ. ನನಗೆ ಗೊತ್ತುಂಟು.”

ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ನನಗಿದ್ದದ್ದು ಒಬ್ಬನೇ ಅಣ್ಣ. ಅವಳು ನನ್ನ ತಲೆ ಸವರುತ್ತಲೇ ಇದ್ದಳು. ತಾನು ಅಳಲಿಲ್ಲ.

ಮರುದಿನ ಒಬ್ಬಳೇ ಕಚೇರಿಗೆ ಹೋಗಿ, “ಇನ್ನು ಸಾಕು ರಾಯರೇ, ನಿಮ್ಮ ಉಪಕಾರ ಮರೆಯುವಂಥದ್ದಲ್ಲ,” ಎಂದು ಹೇಳಿ ಬಂದಳು.

ಮುಂದಿನ ಭಾನುವಾರ ಪತ್ರಿಕೆಯ ಆ ಜಾಗದಲ್ಲಿ ಕೊಡೆ ಅಂಗಡಿಯ ಜಾಹೀರಾತು ಇತ್ತು. ಅತ್ತಿಗೆ ಪೆನ್ನಿನ ಮುಚ್ಚಳ ತೆಗೆದು, ಕೊಡೆಗಳ ಬಣ್ಣ, ಹಿಡಿಕೆಯ ಮರ, ಅಂಗಡಿಯ ವಿಳಾಸ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಓದಿ ಮುಗಿದ ಮೇಲೂ ಪೆನ್ನು ಕೈಯಲ್ಲೇ ಇತ್ತು.