ಕೇಳಿದರೆ ಮಾತ್ರ

ಅಪ್ಪನಿಗೆ ಹೊಲ ಎಷ್ಟು ಎಕರೆ ಎಂದು ಕೇಳಿಯಾಯಿತು. ಆಮೇಲೆ ಅಕ್ಕತಂಗಿಯರೆಷ್ಟು, ಅವರ ಮದುವೆಯಾಯಿತೇ, ಸಮುದ್ರದ ಬಾಜೂಕೇ ಇದ್ದು ಕುಡಿಯುವ ನೀರಿಗೆ ಏನು ಮಾಡುತ್ತೀರಿ, ಚಹಾ ಕುಡಿಯದವನಿಗೆ ಮುಂಜಾನೆ ಎಚ್ಚರವಾದರೂ ಹೇಗಾಗುತ್ತದೆ. ತೇವಿಟ ಎಲ್ಲಕ್ಕೂ ಉತ್ತರ ಕೊಟ್ಟ. ಟ್ರ್ಯಾಕ್ಟರಿನ ಟ್ರೇಲರು ಕುಣಿದಾಗಲೆಲ್ಲ ತೊಡೆಯ ಮೇಲಿದ್ದ ಬುತ್ತಿಯ ಗಂಟನ್ನು ಅವುಚಿಕೊಳ್ಳುತ್ತ, ಮುಂದಿನ ಪ್ರಶ್ನೆ ಅದೇ ಇರಬಹುದೆಂದು ಕಾದ.

ಅದಾಗಿರಲಿಲ್ಲ.

"ಜ್ವಾಳಾನ ಬೆಳಿಯೂದಿಲ್ಲಂದ್ರ ರೊಟ್ಟಿ ಹೆಂಗ ಮತ್ತ?" ಎಂದಳು ಶಾರದವ್ವ.

"ರೊಟ್ಟಿ ಇಲ್ರಿ. ಗೆಣಸು."

"ದಿನಾ?"

"ದಿನಾ ರಿ."

ಶಾರದವ್ವ ಅವನ ಮೊಣಕಾಲು ಸವರಿದಳು. ಇಷ್ಟು ದೊಡ್ಡ ಮೈ ಬರೀ ಗೆಣಸಿನ ಮೇಲೆ ಬೆಳೆದಿದೆ ಎನ್ನುವುದು ಅವಳಿಗೆ ನಿಜಕ್ಕೂ ಸಂಕಟದ ವಿಷಯವಾಗಿತ್ತು.

ತೇವಿಟನಿಗೆ ಇಪ್ಪತ್ತೊಂದು ವರ್ಷ. ಅವನ ದೇಶ ಟೋಂಗಾ. ಭೂಪಟದ ಮೇಲೆ ಒಂದು ನೊಣ ಕೂತರೆ ಪೂರ್ತಿ ಮುಚ್ಚಿಹೋಗುವಷ್ಟು ದ್ವೀಪಗಳು. ಅಲ್ಲಿ ಒಂದು ವರ್ಷ ಕಾಲೇಜು ಓದಿ, ಅದನ್ನು ನಿಲ್ಲಿಸಿ, ಮಾರ್ಮನ್ ಎಂಬ ತಮ್ಮ ಕ್ರೈಸ್ತ ಸಭೆಯ ಹುಡುಗರು ಹೋಗುವಂತೆ ಎರಡು ವರ್ಷದ ಧರ್ಮಸೇವೆಗೆ ಹೊರಟಿದ್ದ. ಯಾವ ದೇಶಕ್ಕೆ ಎಂದು ಆರಿಸುವುದು ಸಭೆಯೇ. ಅಣ್ಣನಿಗೆ ಬ್ರೆಜಿಲ್ ಬಂದಿತ್ತು. ಇವನಿಗೆ ಹುಬ್ಬಳ್ಳಿ ಬಂತು.

ಹುಬ್ಬಳ್ಳಿಯಲ್ಲಿ ಅವನ ದಿನಗಳು ಇಸ್ತ್ರಿ ಮಾಡಿಟ್ಟಂತೆ ಇದ್ದವು. ಬೆಳಕು ಹರಿಯುವ ಮುಂಚೆ ಎದ್ದು ಪ್ರಾರ್ಥನೆ. ಗ್ರಂಥಪಾಠ. ಕನ್ನಡವನ್ನು ಗಟ್ಟಿಯಾಗಿ ಓದುವುದು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಆಮೇಲೆ ಸಭೆಯ ಬೆರಳೆಣಿಕೆಯ ಮನೆಗಳಿಗೆ ಹೋಗಿ ಬರುವುದು, ಪ್ರಾರ್ಥನೆಯ ಕೋಣೆ ಗುಡಿಸುವುದು, ಸಂಜೆ ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು. ಇದೆಲ್ಲವೂ ಜೋಡಿಯಾಗಿಯೇ. ಜೊತೆಗಾರನ ಕಣ್ಣಿಗೆ ಮರೆಯಾಗುವಂತಿಲ್ಲ. ಈಗಿನ ಜೊತೆಗಾರ ಕಿರಣಕುಮಾರ, ಕೋಲಾರದವನು, ನಿಯಮಗಳ ವಿಷಯದಲ್ಲಿ ನಿಯಮ ಬರೆದವರಿಗಿಂತ ಕಟ್ಟುನಿಟ್ಟು. ಒಬ್ಬರನ್ನೊಬ್ಬರು 'ಎಲ್ಡರ್' ಎಂದೇ ಕರೆಯಬೇಕು, ಕರೆಯುತ್ತಿದ್ದರು.

ಇನ್ನೊಂದು ನಿಯಮವಿತ್ತು. ಈ ಸೀಮೆಗೆ ಕಳಿಸುವಾಗ ಅವರ ಅಧ್ಯಕ್ಷರು ಎರಡೆರಡು ಸಲ ಹೇಳಿದ್ದು. ಧರ್ಮದ ಮಾತು ತಾವಾಗಿ ಎತ್ತಬಾರದು. ಯಾರಾದರೂ ಕೇಳಿದರೆ ಮಾತ್ರ ಹೇಳಬೇಕು.

ಯಾರೂ ಕೇಳಲಿಲ್ಲ.

ಈ ಜನ ಕೇಳುವುದರಲ್ಲಿ ಹಿಂದೆ ಬಿದ್ದವರೇನೂ ಅಲ್ಲ. ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕಾಯಿಪಲ್ಲೆಯ ಸಂತೆಯಲ್ಲಿ ಅವನ ಜಾತಕವನ್ನೇ ಹೊರಗೆಳೆದಿದ್ದರು. ಪಗಾರ ಎಷ್ಟು ಎಂದರು. ಪಗಾರವಿಲ್ಲ ಎಂದರೆ, ಪಾಪ, ಮನೆಯಲ್ಲಿ ಜಗಳವೇನಾದರೂ ಆಯಿತೇ ಎಂದರು. ದೇವರೊಬ್ಬನನ್ನು ಬಿಟ್ಟು ಎಲ್ಲವನ್ನೂ ವಿಚಾರಿಸಿದರು. ಎರಡು ವರ್ಷ ಇನ್ನೇನು ಮುಗಿಯುತ್ತ ಬಂದಿತ್ತು. ಮುಂದಿನ ತಿಂಗಳು ಅವನು ತನ್ನೂರಿನ ಸಭೆಯಲ್ಲಿ ಎದ್ದು ನಿಲ್ಲಬೇಕು. ಯಾರಿಗೆ ಏನು ಹೇಳಿ ಬಂದೆ ಎಂದು ಹೇಳಬೇಕು. ಅಣ್ಣ ಹಾಗೆ ನಿಂತಾಗ ಒಂದು ತಾಸು ಮಾತಾಡಿದ್ದ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಅತ್ತಿದ್ದಳು.

ಒಬ್ಬರಾದರೂ ಕೇಳಲಿ ಎಂದು ಅವನು ಪ್ರತಿರಾತ್ರಿ ಬೇಡುತ್ತಿದ್ದ. ಇತ್ತೀಚೆಗೆ ಆ ಬೇಡಿಕೆಯ ಬೆನ್ನಿಗೇ ಒಂದು ಅಂಜಿಕೆ ಬಂದು ಕೂತಿತ್ತು. ಕೇಳಿಯೇ ಬಿಟ್ಟರೆ? ಬಾಯಿಪಾಠದ ವಾಕ್ಯಗಳು ಇದ್ದವು, ಒಳ್ಳೆಯ ಕನ್ನಡದಲ್ಲೇ ಇದ್ದವು. ಅವುಗಳ ಹಿಂದೆ ತನ್ನದು ಎಂಬುದು ಏನಾದರೂ ಇದೆಯೋ ಇಲ್ಲವೋ ಎನ್ನುವುದು ಯಾರಾದರೂ ಕೇಳುವವರೆಗೆ ಅವನಿಗೂ ಗೊತ್ತಾಗುವಂತಿರಲಿಲ್ಲ.

ಇವತ್ತು ಸೋಮವಾರ, ಅವರಿಗೆ ವಾರದ ಬಿಡುವು. ಎಳ್ಳ ಅಮಾವಾಸ್ಯೆಯೂ ಹೌದು. ಹುಬ್ಬಳ್ಳಿಯಲ್ಲಿ ಇವರಿಬ್ಬರಿಗೆ ಮನೆ ಬಾಡಿಗೆ ಕೊಟ್ಟಿದ್ದ ಸಂಗನಬಸವ, ನಮ್ಮ ಹೊಲಕ್ಕೆ ಚರಗ ಚೆಲ್ಲಲು ಬನ್ನಿ ಎಂದು ಇಬ್ಬರನ್ನೂ ತನ್ನೂರು ಶಲವಡಿಗೆ ಕರೆತಂದಿದ್ದ. ಶಾರದವ್ವ ಅವನ ತಾಯಿ, ಸವಿತಾ ಹೆಂಡತಿ. ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಆ ಹೊಲವನ್ನು ಪಾಲಿಗೆ ಮಾಡುವ ಗೌಸಸಾಬ, ಎಲ್ಲರ ಬಾಯಲ್ಲಿ ಗೌಸಕಾಕಾ. ತೇವಿಟನನ್ನು ಕಂಡ ಕೂಡಲೇ ಅವನ ತೋಳು ಅಮುಕಿ ನೋಡಿ, ಯಾವ ಗರಡಿಯವನಪ್ಪ ಇವನು ಎಂದಿದ್ದ. ಆಗಿನಿಂದ ತೇವಿಟನ ಹೆಸರು ಪೈಲ್ವಾನ ಎಂದಾಗಿತ್ತು.

ಹೊಲ ಮುಟ್ಟಿದರು. ಆಳೆತ್ತರದ ಬಿಳಿಜೋಳ, ಅದರಾಚೆ ಕಡಲೆ, ಅಂಚಿಗೆ ಸಾಲು ಕುಸುಬೆ. ಕರಿನೆಲ ದಿಗಂತದವರೆಗೆ ಸಪಾಟು. ಎಲ್ಲಿ ನೋಡಿದರೂ ಹೊಲಹೊಲದಲ್ಲಿ ಜನ, ಬಣ್ಣದ ಸೀರೆಗಳು, ಬುತ್ತಿಯ ಗಂಟುಗಳು. ಬನ್ನಿಗಿಡದ ಬುಡದಲ್ಲಿ ಶಾರದವ್ವ ಐದು ಕಲ್ಲಿಟ್ಟು ವಿಭೂತಿ ಹಚ್ಚಿ ಎಡೆ ಹಿಡಿದಳು. ಮಾರ್ಮನ್ ಹುಡುಗರಿಬ್ಬರೂ, ಬರುವಾಗಲೇ ಮಾತಾಡಿಕೊಂಡಿದ್ದಂತೆ, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ದೂರ ನಿಂತರು. ಊಟಕ್ಕೆ ಕೂಡುವುದು, ಪೂಜೆಗೆ ಕೂಡದಿರುವುದು. ಕಿರಣಕುಮಾರ ಇದನ್ನು ದಾರಿಯುದ್ದಕ್ಕೂ ನೆನಪಿಸಿದ್ದ.

ಚರಗ ಚೆಲ್ಲುವುದೆಂದರೆ ಹೊಲಕ್ಕೆ ಊಟ ಬಡಿಸುವುದು. ಒಬ್ಬ ಮುಂದೆ ಬುಟ್ಟಿ ಹಿಡಿದು, ಕಡಬು ಅನ್ನ ಪಲ್ಲೆ ಕಲಸಿದ್ದನ್ನು ಬೆಳೆಯ ಮೇಲೆ ಎರಚುತ್ತ 'ಹುಲ್ಲುಲ್ಲಿಗ್ಯೋ' ಎಂದು ಕೂಗಬೇಕು. ಹಿಂದೆ ಬರುವವ ನೀರು ಚಿಮುಕಿಸುತ್ತ 'ಸಲಾಂಬ್ರಿಗ್ಯೋ' ಎಂದು ಓಗೊಡಬೇಕು. ಬುಟ್ಟಿ ಗೌಸಕಾಕಾನದು. ಕೊಡ ಹಿಡಿಯಬೇಕಾದವನು ಸಂಗನಬಸವ. ಅವನು ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಗುಮಾಸ್ತ. ಬಾಡಿಗೆದಾರರ ಎದುರು ಕೂಗಲು ನಾಚಿಕೆಯಾಗಿ, ಕೌಂಟರಿನಲ್ಲಿ ಟೋಕನ್ ನಂಬರು ಕರೆದಂತೆ ಕರೆದ.

ಗೌಸಕಾಕಾ ಬುಟ್ಟಿ ಕೆಳಗಿಟ್ಟ. ಹಿಂಗಾದರೆ ಹೊಲ ಉಪವಾಸ ಬೀಳುತ್ತದೆ ಎಂದ. ಸುತ್ತಲೂ ನೋಡಿ, ಕೊಡವನ್ನು ಸಂಗನಬಸವನ ಕೈಯಿಂದ ಇಸಿದುಕೊಂಡು ತೇವಿಟನ ಮುಂದೆ ಚಾಚಿದ.

"ಎಲ್ಡರ್, ಬೇಡ," ಎಂದ ಕಿರಣಕುಮಾರ ಮೆಲ್ಲಗೆ. "ಇದು ಪೂಜೆ."

"ನೀರು ಹಾಕೂದು ಅಷ್ಟ."

"ಪೂಜೆ."

"ಕಾಕಾ ಮುಸಲ್ಮಾನ."

"ಅದು ಅವರಿಗೆ ಬಿಟ್ಟಿದ್ದು."

ತೇವಿಟ ಗೌಸಕಾಕಾನ ಕಡೆ ತಿರುಗಿ, ಹಾಗೆಂದರೆ ಏನರ್ಥ ಎಂದು ಕೇಳಿದ. ಅರ್ಥ ತಿಳಿದರೆ ಒಲ್ಲೆ ಎನ್ನಲು ಒಂದು ಕಾರಣವಾದರೂ ಸಿಗುತ್ತಿತ್ತು.

"ಅರ್ಥಾ ಯಾರಿಗ್ಗೊತ್ತು," ಎಂದ ಗೌಸಕಾಕಾ. "ನಮ್ಮಪ್ಪ ಒದರತಿದ್ದ, ನಾನೂ ಒದರತೀನಿ. ನೆಲಾ ಏನ ಅರ್ಥಾ ಕೇಳತೈತೇನ?"

ಎರಡು ವರ್ಷ ತೇವಿಟ ಅರ್ಥವನ್ನು ಹೊತ್ತು ತಿರುಗಿದ್ದ, ಕೊಳ್ಳುವವರಿಲ್ಲದೆ. ಇಲ್ಲಿ ಊರಿಗೆ ಊರೇ ಅರ್ಥವಿಲ್ಲದ್ದನ್ನು ಕೂಗುತ್ತ ಹೊಟ್ಟೆ ತುಂಬ ನಗುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಕೊಡ ಇಸಿದುಕೊಂಡ.

ಮೊದಲ ಕೂಗು ಹುಬ್ಬಳ್ಳಿಯದು. ಯಾರಿಗೂ ತೊಂದರೆಯಾಗದಂಥ, ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವಂಥ ದನಿ. ಗೌಸಕಾಕಾ ಹಿಂತಿರುಗಿಯೂ ನೋಡಲಿಲ್ಲ.

"ಆ ತುದಿಗೆ ಮುಟ್ಟಬೇಕಲೇ ಪೈಲ್ವಾನ."

ತೇವಿಟನ ಊರಿನ ಸಭೆಯಲ್ಲಿ ಮೈಕು ಇಲ್ಲ. ಬೇಕಾಗಿಯೂ ಇಲ್ಲ; ಜನ ಹಾಡತೊಡಗಿದರೆ ಮೇಲಿನ ತಗಡು ನಡುಗುತ್ತದೆ. ಅವನದೂ ಅಂಥದೇ ದನಿ. ವಿಮಾನ ಹತ್ತಿದ ಮೇಲೆ ಅದನ್ನು ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ತೆಗೆಯುವ ಜಾಗವೂ ಸಿಕ್ಕಿರಲಿಲ್ಲ.

"ಹುಲ್ಲುಲ್ಲಿಗ್ಯೋ..."

"ಸಲಾಂಬ್ರಿಗ್ಯೋ..."

ಜೋಳದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಗೌಸಕಾಕಾ ನಿಂತುಬಿಟ್ಟ. ಆಮೇಲೆ ನಕ್ಕು, ಮೊದಲಿಗಿಂತ ಜೋರಾಗಿ ಕೂಗಿದ. ತೇವಿಟ ಅದಕ್ಕೂ ಜೋರಾಗಿ ಓಗೊಟ್ಟ. ಬಾಜೂ ಹೊಲದವರು ಕೈಯಲ್ಲಿದ್ದ ರೊಟ್ಟಿ ಹಿಡಿದೇ ಎದ್ದು ನಿಂತು ನೋಡಿದರು, ಮತ್ತೆ ಅವರೂ ಓಗೊಟ್ಟರು. ಮುದುಕ ಮುಂದೆ, ಪೈಲ್ವಾನ ಹಿಂದೆ, ಸಾಲಿನ ನಡುವೆ ನಡಿಗೆ ಓಟವಾಯಿತು. ಟೈ ಬೆನ್ನಿಗೆ ಹಾರಿತು. ಚಿಮುಕಿಸಬೇಕಾದ ನೀರು ಅವನ ಅಂಗಿಯ ಮೇಲೇ ಹೆಚ್ಚು ಚೆಲ್ಲಿತು.

ಕಿರಣಕುಮಾರ ಬದುವಿನ ಮೇಲೆ ಬೆನ್ನು ಹತ್ತಿದ್ದ, ಕಣ್ಣಿಗೆ ಮರೆಯಾಗಬಾರದಲ್ಲ. ನೆಲದ ಬಿರುಕಿನಲ್ಲಿ ಬೂಟು ಸಿಕ್ಕಿ ಎಡವಿದ; ಎದ್ದು ಧೂಳು ಜಾಡಿಸಿಕೊಳ್ಳುವಷ್ಟರಲ್ಲಿ ತೇವಿಟ ತಿರುವಿನಾಚೆ ಹೋಗಿದ್ದ. ಗೌಸಕಾಕಾನೂ ಮುಂದೆ ಎಲ್ಲೋ ಜೋಳದೊಳಗೆ ಮರೆಯಾಗಿದ್ದ.

ತೇವಿಟ ನಿಂತ. ಎರಡು ವರ್ಷಗಳಲ್ಲಿ ಮೊದಲ ಸಲ ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ. ಇಂಥ ಗಳಿಗೆಯಲ್ಲಿ ಎದೆಯೊಳಗೆ ಒಂದು ಬಿಸಿ ಹೊತ್ತಿಕೊಳ್ಳುತ್ತದೆ, ದೇವರು ಹತ್ತಿರವಿರುವುದಕ್ಕೆ ಅದೇ ಗುರುತು ಎಂದು ಅವನಿಗೆ ಕಲಿಸಿದ್ದರು. ತಡವಿ ನೋಡಿಕೊಂಡ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಷ್ಟೇ. ಒಳಗೆ ಏನೂ ಇರಲಿಲ್ಲ. ಬಟಾಬಯಲು.

ಅವನಿಗೆ ಸಂತೋಷವಾಯಿತು. ಹೆದರಿಕೆಯಾಗುತ್ತದೆಂದು ಎಷ್ಟೋ ತಿಂಗಳಿಂದ ಹೆದರಿದ್ದ ಜಾಗ ಇದೇ, ಮತ್ತು ಅಲ್ಲಿ ನಿಂತರೆ ಸಂತೋಷವಾಗುತ್ತಿತ್ತು. ಇಷ್ಟು ಜಾಗ ತನ್ನೊಳಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಲೆಯೆತ್ತಿ ಕೂಗಿದ. ಈ ಸಲ ಮುಂದಿನಿಂದ ಯಾರೂ ಕರೆದಿರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಸುಮ್ಮನೆ ಕೂಗಿದ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಪೈಲ್ವಾನನನ್ನು ಇತ್ತ ಕಳಿಸಿ ಎಂದು ಬಾಜೂ ಹೊಲದವರು ಕರೆದರು. ಅವರದು ಮುಗಿಯುವಷ್ಟರಲ್ಲಿ ಅದರಾಚೆಯವರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೊಲದಿಂದ ಹೊಲಕ್ಕೆ ಅವನ ಕೈಗೆ ತುಂಬಿದ ಕೊಡ ಬರುತ್ತಿತ್ತು, ಬಾಯಿಗೆ ಒಂದೊಂದು ಶೇಂಗಾ ಹೋಳಿಗೆ. ಬಿಸಿಲು ನೆತ್ತಿಗೇರಿದ ಮೇಲೆ, ಮೊಣಕಾಲಿನವರೆಗೆ ಕರಿಮಣ್ಣು ಮೆತ್ತಿಕೊಂಡು, ಅವನು ಬನ್ನಿಗಿಡದ ನೆರಳಿಗೆ ಬಂದು ಬಿದ್ದ.

ಕಿರಣಕುಮಾರ ನೀರಿನ ಲೋಟವನ್ನು ಅವನ ಕಡೆ ಸರಿಸಿದ.

ಊಟಕ್ಕೆ ಕೂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗಟ್ಟಿ ಮೊಸರು. ಸವಿತಾ ಬಡಿಸುತ್ತಲೇ ಇದ್ದಳು, ತೇವಿಟ ತಲೆಯಾಡಿಸುತ್ತ ಉಣ್ಣುತ್ತಲೇ ಇದ್ದ. ಜೋಳದಿಂದ ಗಾಳಿ ಬರುತ್ತಿತ್ತು. ಗೌಸಕಾಕಾ ಕೈ ತೊಳೆದು ಟವಲು ಹಾಸಿ ಅಡ್ಡಾದ. ಸಂಗನಬಸವ ಹಲ್ಲುಕಡ್ಡಿ ಹುಡುಕುತ್ತಿದ್ದ.

"ತಮ್ಮಾ," ಎಂದಳು ಶಾರದವ್ವ. ಅವಳು ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದಳು. "ತಾಯಿನ್ನ ಬಿಟ್ಟ ಇಷ್ಟ ದೂರ ಬಂದಿ. ನಿಮ್ಮ ದೇವರು ಏನ ಹೇಳ್ತಾನ, ಒಂದೀಟ ನನಗ ಹೇಳ. ಕೇಳ್ತೀನಿ."

ಕಿರಣಕುಮಾರನ ಕೈ ತುತ್ತಿನ ಸಮೇತ ನಿಂತಿತು.

ತೇವಿಟ ಕೈ ಒರೆಸಿಕೊಂಡು ನೆಟ್ಟಗೆ ಕೂತ. ವಾಕ್ಯ ಸಿದ್ಧವಾಗಿತ್ತು. ನಾವು ಎಲ್ಲಿಂದ ಬಂದೆವು, ಇಲ್ಲಿಗೆ ಏಕೆ ಬಂದೆವು, ಇಲ್ಲಿಂದ ಎಲ್ಲಿಗೆ ಹೋಗುತ್ತೇವೆ. ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿಕೊಂಡದ್ದು. ಬಾಯಿ ತೆರೆದ.

ಬರೀ ಗಾಳಿ ಬಂತು.

ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದ. ಒಡಕು ದನಿಯೂ ಇರಲಿಲ್ಲ. ಹೊಲಹೊಲ ತಿರುಗಿ ಇದ್ದದ್ದನ್ನೆಲ್ಲ ಕೂಗಿ ಬಂದಿದ್ದ. ಗೌಸಕಾಕಾ ಎದ್ದು ಕೂತು, ಪೈಲ್ವಾನ ದನಿಯನ್ನೂ ಚರಗ ಚೆಲ್ಲಿಬಿಟ್ಟ ಎಂದು ಬಿದ್ದು ಬಿದ್ದು ನಕ್ಕ. ಸವಿತಾ ನೀರು ಕೊಟ್ಟಳು. ಕುಡಿದ. ಏನೂ ಆಗಲಿಲ್ಲ.

"ಅಮ್ಮ, ನಾನು ಹೇಳ್ತೀನಿ," ಎಂದ ಕಿರಣಕುಮಾರ. ಅವನನ್ನೂ ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ನಿನಗ ಕೇಳಿಲ್ಲಪಾ. ಅವಗ ಕೇಳೀನಿ."

ಕಿರಣಕುಮಾರ ಬಾಯಿ ಮುಚ್ಚಿದ. ನಿಯಮ ನಿಯಮವೇ.

ಶಾರದವ್ವ ಕೂತಲ್ಲಿಂದಲೇ ಜರುಗಿ ಬಂದು, ಕಿವಿಯನ್ನು ತೇವಿಟನ ಬಾಯಿಯ ಹತ್ತಿರಕ್ಕೆ ತಂದಳು. ಅವನ ಹೆಗಲ ಮೇಲೆ ಕೈಯಿಟ್ಟು, ಸಾವಕಾಶ ಹೇಳು, ಅವಸರವೇನಿಲ್ಲ ಎಂದಳು.

ಅವನು ತುಟಿ ಆಡಿಸಿದ. ಬಾಯಿಪಾಠ ಬೇಗ ಮುಗಿಯಿತು. ಅದು ಇದ್ದದ್ದೇ ಅಷ್ಟು. ತುಟಿ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಅದು ಟೋಂಗಾದ ಭಾಷೆಯಾಗಿತ್ತು, ಅಮ್ಮನ ಹತ್ತಿರ ಆಡುವಂಥದು. ಆಮೇಲೆ ಅದೂ ಅಲ್ಲ. ಏನು ಹೇಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ, ತಿಳಿಯದ್ದಕ್ಕೆ ಬೇಸರವೂ ಇರಲಿಲ್ಲ. ನಗು ಬರುತ್ತಿತ್ತು. ಆಚೆ ಕೂತವರಿಗೆ ತೆರೆದು ಮುಚ್ಚುವ ಒಂದು ದೊಡ್ಡ ಬಾಯಿ ಕಾಣುತ್ತಿತ್ತು.

ಶಾರದವ್ವ ಕಣ್ಣು ಮುಚ್ಚಿದ್ದಳು. ಒಂದೊಂದಕ್ಕೂ ತಲೆದೂಗುತ್ತ ಹೂಂ ಎನ್ನುತ್ತಿದ್ದಳು. ಹೂಂ. ಹೂಂ. ತಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಾಳೆಂದು ತೇವಿಟ ತುಟಿ ಆಡಿಸುತ್ತಲೇ ಇದ್ದ.