ಬಣ್ಣ ಬಳಿದ ರೀಲು

ಪರದೆಯ ಮೇಲೆ ವೆಂಡೆಲ್‌ನ ಮುಖವಿರಬೇಕಾದ ಕಡೆ ಕಿತ್ತಳೆ ಬಣ್ಣ ಕುದಿಯುತ್ತಿತ್ತು. ನೆಲದ ಮೇಲೆ ಕುಳಿತವರಲ್ಲಿ ಕೆಲವರು ಬಿಕ್ಕುತ್ತಿದ್ದರು. ಪ್ರೊಜೆಕ್ಟರಿನ ಪಕ್ಕ ನಿಂತಿದ್ದ ಮಾರ್ಲಿಸ್, ಇದ್ದೊಂದು ಕುರ್ಚಿಯಲ್ಲಿ ಕೈಚೀಲ ಅಪ್ಪಿಕೊಂಡು ಕುಳಿತ ಅಮ್ಮನನ್ನೇ ನೋಡುತ್ತಿದ್ದಳು.

ಸ್ಯಾನ್‌ಫ್ರಾನ್ಸಿಸ್ಕೋದ ಆ ಕಲಾವಿದರ ಗುಂಪಿನ ಪದ್ಧತಿಯೇ ಹಾಗೆ. ಮನೆಯವರನ್ನು ಚಿತ್ರೀಕರಿಸಿದ ಹಳೆಯ ಫಿಲ್ಮ್ ರೀಲು ತಂದು ಬ್ಲೀಚಿನಲ್ಲಿ ಅದ್ದಬೇಕು, ಸೂಜಿಯಿಂದ ಕೆರೆಯಬೇಕು, ಶಾಯಿ ಬಳಿಯಬೇಕು. ಆಗ ನೋವು ಕೈಯಿಂದ ಇಳಿದುಹೋಗುತ್ತದೆ ಎಂದು ಗುಂಪಿನ ಮುಂದಾಳು ಡೆರಿಲ್ ಹೇಳುತ್ತಿದ್ದ. ವಿಯೆಟ್ನಾಮ್ ಯುದ್ಧದಲ್ಲಿ ಸತ್ತ ತಮ್ಮ ವೆಂಡೆಲ್‌ನ ರೀಲನ್ನು ಮಾರ್ಲಿಸ್ ಅಮ್ಮನ ಬೀರುವಿನಿಂದ ಕೇಳದೆ ತಂದಿದ್ದಳು. ಮೂರು ವಾರ ಕೆರೆದಿದ್ದಳು. ಎದೆ ಹಗುರವಾದದ್ದೂ ನಿಜ. ಅಂಥ ರೀಲಿಗೆ ಮತ್ತೆ ಪ್ರತಿ ತೆಗೆಯಲು ನೆಗೆಟಿವ್ ಇರುವುದಿಲ್ಲ, ಕ್ಯಾಮೆರಾದಲ್ಲಿ ಓಡಿದ್ದೊಂದೇ ಪ್ರತಿ. ಅದು ಅವಳಿಗೆ ಗೊತ್ತಿತ್ತು. ಆದರೂ ವೆಂಡೆಲ್‌ನ ಚಿತ್ರ ತೋರಿಸುತ್ತೇವೆ ಎಂದಷ್ಟೇ ಹೇಳಿ ಅಮ್ಮನನ್ನು ಕರೆಸಿದ್ದಳು.

ಚಿತ್ರ ಮುಗಿದು ಚಪ್ಪಾಳೆಯಾಯಿತು. ಕತ್ತಲಿಗೆಂದು ಕಿಟಕಿಗೆ ಕಟ್ಟಿದ್ದ ಕಂಬಳಿ ಸರಿಸಿದಾಗ ಮಧ್ಯಾಹ್ನದ ಬಿಸಿಲು ಒಳಬಂತು. ಡೆರಿಲ್ ಬಂದು ಅಮ್ಮನನ್ನು ತಬ್ಬಿಕೊಂಡ.

"ಮೆಲ್ಲಗಪ್ಪಾ, ಟೋಪಿ ಬೀಳುತ್ತೆ," ಎಂದಳು ಅಮ್ಮ. ಮಗಳ ಕಡೆ ತಿರುಗಿ, "ಒಳ್ಳೆ ಹುಡುಗನೇ ಕಣೇ. ಕೂದಲು ಮಾತ್ರ ನಿನಗಿಂತ ದಟ್ಟ. ಸರಿ, ಬಣ್ಣದ್ದು ಆಯ್ತಲ್ಲ, ಈಗ ನಮ್ಮ ವೆಂಡೆಲ್‌ದು ಹಾಕು. ಅದಕ್ಕೇ ಬಸ್ಸಲ್ಲಿ ಬೆನ್ನು ಮುರ್ಕೊಂಡು ಬಂದಿದ್ದು."

"ಅಮ್ಮಾ, ಅದೇ ಇದು."

"ಇದು ನೀವು ಮಾಡಿದ್ದು. ನಾನು ಕೇಳ್ತಿರೋದು ನನ್ನ ರೀಲು."

"ಅದರ ಮೇಲೇ ಕೆರೆದೆ. ಬೇರೆ ಇಲ್ಲ."

ಡೆರಿಲ್ ನಡುವೆ ಬಾಯಿ ಹಾಕಿದ. "ತಾಯೀ, ಭಾರ ಇಳಿಸೋದಂದ್ರೆ..."

"ನೀನು ಸುಮ್ನಿರಪ್ಪಾ. ನನ್ನ ಮಗ ನನಗೆ ಯಾವತ್ತೂ ಭಾರ ಆಗಿರ್ಲಿಲ್ಲ."

ಅಮ್ಮ ಕಣ್ಣು ಮುಚ್ಚಿದಳು. ಚರ್ಚಿನಲ್ಲಿ ಪ್ರಾರ್ಥಿಸುವಾಗಿನಂತೆ ತುಟಿ ಅಲುಗಿತು. ಅಮ್ಮ ಬೈದಿದ್ದರೆ ಮಾರ್ಲಿಸ್ ತಲೆ ಎತ್ತಿ ನಿಲ್ಲುತ್ತಿದ್ದಳೇನೋ. ಉಗುರಿನ ಸಂದಿನ ಕಿತ್ತಳೆ ಶಾಯಿಯನ್ನು ಅವಳು ಲಂಗದಲ್ಲಿ ಮರೆಮಾಡಿದಳು.

"ಇನ್ನೊಂದ್ಸಲ ಹಾಕು," ಎಂದಳು ಅಮ್ಮ.

ಜನ ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಮಾರ್ಲಿಸ್ ಕಂಬಳಿ ಮತ್ತೆ ಎಳೆದು, ರೀಲನ್ನು ಮೊದಲಿನಿಂದ ಓಡಿಸಿದಳು. ಬಣ್ಣಗಳ ಕೆಳಗೆ, ಬ್ಲೀಚು ತಾಗದ ಒಂದು ಮೂಲೆಯಲ್ಲಿ, ತೋಟದ ನೀರಿನ ಪೈಪು ಹಿಡಿದ ಎಳೆಯ ಮುಂಗೈ ಕಂಡಿತು. ಅಮ್ಮ ಎದ್ದು ಹೋಗಿ, ತನ್ನ ನೆರಳು ಬೀಳದ ಹಾಗೆ ಪರದೆಯ ಪಕ್ಕ ಮೊಣಕಾಲೂರಿದಳು.

"ಅಲ್ಲೇ ನಿಲ್ಸೇ!"

"ನಿಲ್ಸಿದ್ರೆ ದೀಪದ ಬಿಸಿಗೆ ಸುಟ್ಟುಹೋಗುತ್ತಮ್ಮಾ."

"ಹಾಗಾದ್ರೆ ಮತ್ತೆ ಹಾಕು."

ಮಾರ್ಲಿಸ್ ಕೈಯಿಂದ ರೀಲನ್ನು ಹಿಂದಕ್ಕೆ ಸುತ್ತತೊಡಗಿದಳು. ಅಮ್ಮ ಮೊಣಕಾಲೂರಿದ ಜಾಗದಿಂದ ಏಳಲಿಲ್ಲ. ಬರಿಯ ಬಿಳಿ ಪರದೆಯ ಆ ಮೂಲೆಯನ್ನೇ ನೋಡುತ್ತಿದ್ದಳು.