ಬೆಳಕು ನಿಲ್ಲುವ ತನಕ

ಆ ಪ್ರಯೋಗಶಾಲೆಯಲ್ಲಿ ಲೆನ್ಸು ಜೋಡಿಸುವ ಅವನು ಎಲ್ಲರಿಗೂ ಲೆನ್ಸಣ್ಣ. ಅವನ ಜೊತೆ ಕೆಲಸ ಮಾಡುವ ಅವಳ ಬಾಯಲ್ಲಿ ಮಾತ್ರ ಆ ‘ಅಣ್ಣ’ ಹೊರಳುತ್ತಿರಲಿಲ್ಲ. ‘ರೀ’ ಎಂದು ಕರೆದು, ಕರೆದದ್ದಕ್ಕೆ ತಾನೇ ಕೆಂಪಾಗುತ್ತಿದ್ದಳು.

ಕೆಲಸವೇನೋ ಅವಳ ಅಜ್ಜಿ ಹೇಳುತ್ತಿದ್ದ ಕತೆಗಳ ಹಾಗೆಯೇ ಇತ್ತು. ರೆಪ್ಪೆ ಬಡಿಯುವುದೂ ಒಂದು ಯುಗವೆನಿಸುವಷ್ಟು ಚುಟುಕಾದ ಲೇಸರ್ ಮಿಡಿತಗಳು, ಮಂಕು ಕೆಂಪಿನವು, ಲೆನ್ಸು ಹಾದು ತೆಳುವಾದ ನೀಲಮಣಿಯ ಬಿಲ್ಲೆಯೊಳಗೆ ನುಗ್ಗಬೇಕು. ಹೆಸರಿಗಷ್ಟೇ ನೀಲ, ಬಿಲ್ಲೆ ಗಾಜಿನಷ್ಟು ತಿಳಿ. ಒಳಹೋದದ್ದು ಒಂದೇ ಬಣ್ಣ, ಆಚೆ ಬರುವುದು ಏಳೂ ಬಣ್ಣ ಕೂಡಿದ ಬಿಳಿ. ಆ ಬಿಳಿಗೆ ಅವರಿಬ್ಬರೂ ಇಟ್ಟ ಹೆಸರು ಹಾಲು. ಪವರ್ ಒಂಚೂರು ಹೆಚ್ಚಾದರೆ ಸಾಕು, ಬೆಳಕು ಎಳೆಎಳೆಯಾಗಿ ಸೀಳಿ, ಎದುರಿನ ಕಾಗದದ ಮೇಲೆ ಚೂರುಚೂರಾಗಿ ನಡುಗುತ್ತಿತ್ತು. ಆಗ ‘ಹಾಲು ಒಡೀತು’ ಎನ್ನುತ್ತಿದ್ದರು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಅಜ್ಜಿ, “ಅಷ್ಟು ಓದಿಸಿದ್ದು ಹಾಲು ಕಾಯಿಸೋಕೇನೇ?” ಎಂದಿದ್ದಳು.

ಈಗ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. “ಈ ಬೆಳಕೊಂದು ಅಲುಗಾಡದೆ ನಿಲ್ಲಲಿ. ನಿಂತ ದಿನಾನೇ ಹೊರಡ್ತೀನಿ,” ಎಂದಿದ್ದ. ಅಂದಿನಿಂದ ಹಾಲು ದಿನವೂ ಒಡೆಯತೊಡಗಿತು. ಅವನು ಅತ್ತ ತಿರುಗಿದ್ದೇ ತಡ, ಅವಳ ಬೆರಳು ಪವರಿನ ನಾಬನ್ನು ಕೂದಲೆಳೆಯಷ್ಟು ಏರಿಸಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಅವನು ಮೇಜಿನ ಮೇಲಿನ ಕನ್ನಡಿಗಳನ್ನೆಲ್ಲ ಮತ್ತೆ ಸರಿಪಡಿಸಿ ಸುಸ್ತಾಗಿ ನಿಂತ.

“ಯಾರದೋ ದೃಷ್ಟಿ ತಾಗಿದೆ ಕಣ್ರೀ ಇದಕ್ಕೆ.”

“ನಿಮ್ಮ ಲೆನ್ಸೇ ಸೊಟ್ಟಗಿರಬೇಕು.”

“ನನ್ನ ಮೂಗು ಸೊಟ್ಟ ಅನ್ನಿ, ಒಪ್ಕೋತೀನಿ. ಲೆನ್ಸಿನ ಸುದ್ದಿಗೆ ಬರಬೇಡಿ.”

ಎಂದಿನ ನಗು ಅವಳಿಗೆ ಬರಲಿಲ್ಲ. ಅವನು ನಾಬಿನ ಮೇಲೆ ಬಗ್ಗಿದ. ತಾನೇ ಪೆನ್ಸಿಲಿನಲ್ಲಿ ಎಳೆದಿದ್ದ ಗೆರೆಯನ್ನು ಅದು ದಾಟಿತ್ತು.

“ಇದನ್ನ ಮುಟ್ಟೋರು ನಾವಿಬ್ಬರೇ ಅಲ್ವಾ?”

ಅವಳು ನೆಲ ನೋಡಿದಳು. “ಬೆಳಕು ನಿಂತರೆ ನೀವು ಹೊರಟುಬಿಡ್ತೀರಲ್ಲ.”

ಮೂಲೆಯಲ್ಲಿ ಲೇಸರನ್ನು ತಂಪಾಗಿಡುವ ನೀರಿನ ಪಂಪು ಗೊಣಗುತ್ತಲೇ ಇತ್ತು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

“ಆ ಕೆಲಸಕ್ಕೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ,” ಎಂದ ಕೊನೆಗೆ, ಮೆಲ್ಲಗೆ. “ಹೀಗೇ ಬಿಟ್ಟರೆ ಬಿಲ್ಲೆ ಸುಟ್ಟುಹೋಗುತ್ತೆ. ನೀವೇ ಇಳಿಸಿ.”

ಅವಳು ಇಳಿಸಿದಳು. ಚೂರುಗಳೆಲ್ಲ ಒಂದರೊಳಗೊಂದು ಸೇರಿಕೊಂಡವು. ನಡುವೆ ದುಂಡನೆಯ ಬಿಳಿ, ಸುತ್ತಲೂ ಬಣ್ಣದ ಬಳೆಗಳು. ಒಮ್ಮೆಯಾದರೂ ನಡುಗೀತೇನೋ ಎಂದು ಅವಳು ಕಾದಳು. ಪಕ್ಕದಲ್ಲಿ ಅವನೂ ಉಸಿರು ಬಿಗಿಹಿಡಿದು ನಿಂತಿದ್ದ.

ಬೆಳಕು ನಡುಗಲಿಲ್ಲ.